ಅತ್ತೆಯ ‘ಅಚಾ’ ಮತ್ತು ಅದರ ಉಳಿದರ್ಧ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗೌರಕ್ಕನ ತೋಟದ ಎರಡು ಏಲಕ್ಕಿ ಬಾಳೆಗೊನೆಗಳನ್ನು ಕೋತಿಗಳಿಗೆ ತಿನ್ನಿಸಿದವನು ನಾನು.

ನಾನೇ ಕಿತ್ತು ಕೊಡಲಿಲ್ಲ. ಹಾಗೆ ಮಾಡಿದ್ದರೆ ಕೋತಿಗಳಾದರೂ ನನ್ನನ್ನು ನೆನೆಸಿಕೊಳ್ಳುತ್ತಿದ್ದವು. ನಾನು ಮಾಡಿದ್ದು ಇಷ್ಟೇ. ನಮ್ಮತ್ತೆಯ ಧ್ವನಿಯಲ್ಲಿ ಒಂದೇ ಒಂದು ಪದ ಹೇಳಿದೆ. ತುಂಬಾ ಚೆನ್ನಾಗಿ ಹೇಳಿದೆ. ಎಡವಟ್ಟಾಗಿದ್ದು ಅಲ್ಲೇ.

ಯಾವ ಪದ ಅಂತೀರಾ? ಹಚಾ.

ಗೊತ್ತಲ್ಲ? ಜಗಲಿ ಮೇಲೆ ನಾಯಿ ಕಾಲು ಚಾಚಿ ಮಲಗಿದ್ದರೆ, ಹಚಾ. ಸಂತೆಯಿಂದ ತಂದ ಚೀಲಕ್ಕೆ ಮೂತಿ ಹಾಕಿದರೆ, ಹಚಾ. ಹುಣಸೂರು ಕಡೆ ನಾವು ‘ಹ’ವನ್ನು ಅಷ್ಟಾಗಿ ಬಳಸುವುದಿಲ್ಲವಾದ್ದರಿಂದ ಅದು ‘ಅಚಾ’. (ಇದಕ್ಕೂ ಹಿಂದಿಯ ಒಂದು ಪದಕ್ಕೂ ಗಂಟು ಹಾಕಿ ಸ್ಟೇಜ್ ಮೇಲೆ ಒಂದು ಜೋಕ್ ಹೇಳುತ್ತಿದ್ದೆ. ಹೇಳಿ ಹೇಳಿ ಸವೆದುಹೋಗಿದೆ. ನಿಮ್ಮ ಮೇಲೆ ಪ್ರಯೋಗ ಮಾಡುವುದಿಲ್ಲ.)

ಈ ಪದಕ್ಕೆ ಅರ್ಥ ಏನು ಎಂದು ಕೇಳಿದರೆ ಯಾರೂ ಹೇಳಲಾರರು. ಬಳಸುವುದು ಹೇಗೆ ಎಂದು ಕೇಳಿದರೆ ಎಲ್ಲರೂ ಮೇಷ್ಟ್ರೇ. ಕೋಳಿಗೆ ಹುಶ್, ದನಕ್ಕೆ ಹೇಯ್, ನಾಯಿಗೆ ಅಚಾ. ಯಾವ ಸ್ಕೂಲಿನಲ್ಲೂ ಇದರ ಪಾಠ ಇಲ್ಲ, ಆದರೂ ಯಾರೂ ಕೋಳಿಗೆ ಅಚಾ ಅಂದು ಫೇಲಾಗಿದ್ದಿಲ್ಲ.

ಕಾಯ್ದೆಗಳೂ ಇವೆ. ಮನುಷ್ಯರಿಗೆ ಅನ್ನುವಂತಿಲ್ಲ. ಅಂದರೆ ಮೊಮ್ಮಕ್ಕಳ ಕಾಲಕ್ಕೂ ಮಾತು ಬಿಟ್ಟಿರುತ್ತಾರೆ. ನೆಂಟರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ನಾಯಿಗೂ ಅನ್ನುವಂತಿಲ್ಲ. ತಮಗೇ ಅಂದರು ಅಂದುಕೊಂಡುಬಿಟ್ಟರೆ? ಆಗ ನಾಯಿಯನ್ನು ಹೆಸರು ಹಿಡಿದು, ‘ರಾಜ, ಆಚೆ ಕಡೆ ಹೋಗಪ್ಪ’ ಅಂತ ನಯವಾಗಿ ಕಳಿಸುತ್ತಾರೆ. ನೆಂಟರ ದೆಸೆಯಿಂದ ನಾಯಿಗೂ ಮರ್ಯಾದೆ. ಆನೆಗಂತೂ ಅಚಾ ಅನ್ನುವ ಧೈರ್ಯ ಯಾರಿಗಿದೆ? ಅತ್ತೆಯ ಹೊಲಕ್ಕೆ ಕಾಡಿನವರ ಹಾಡಿಯಿಂದ ಕೆಲಸಕ್ಕೆ ಬರುವ ಬೊಮ್ಮಣ್ಣ, ಆನೆ ಕಂಡರೆ ದೂರದಲ್ಲೇ ನಿಂತು ಕೈ ಮುಗಿಯುತ್ತಾರೆ. ‘ನಿನ್ ದಾರಿ ಆ ಕಡೆ ಅದೆ ಸ್ವಾಮಿ, ನಿಧಾನಕ್ಕೆ ಓಗು’ ಅನ್ನುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ನನಗೆ ಯಾರೂ ಇಷ್ಟು ಚೆನ್ನಾಗಿ ದಾರಿ ತೋರಿಸಿದ್ದಿಲ್ಲ.

ಇರಲಿ. ಅತ್ತೆಯ ವಿಷಯಕ್ಕೆ ಬರೋಣ.

ನಮ್ಮತ್ತೆ ಪುಟ್ಟತಾಯಮ್ಮ, ಅಪ್ಪನ ಅಕ್ಕ. ವೀರನಹೊಸಹಳ್ಳಿ ಕಡೆಯ ರಸ್ತೆಯಲ್ಲಿ, ಕಾಡಿನ ಅಂಚಿಗೆ ಅಂಟಿಕೊಂಡ ಹಾಗೆ ಅವರ ಮುಸುಕಿನ ಜೋಳದ ಹೊಲ. ಅದರ ಪಕ್ಕಕ್ಕೇ ಗೌರಕ್ಕನ ಬಾಳೆ. ಜೋಳ ಹಾಲು ತುಂಬುವ ಹೊತ್ತಿಗೆ ಕಾಡಿನ ಕಡೆಯಿಂದ ಕೋತಿಗಳು ಸಂಸಾರ ಸಮೇತ ಬರುತ್ತವೆ. ಅದೂ ಹಗಲಲ್ಲಿ, ಹತ್ತು ಗಂಟೆಯ ನಂತರ. ಸರ್ಕಾರಿ ಆಫೀಸಿನ ಟೈಮು. ಒಂದೇ ವ್ಯತ್ಯಾಸ, ಇವು ಬಂದ ಕೂಡಲೇ ಕೆಲಸ ಶುರು ಮಾಡುತ್ತವೆ.

ಮಾವನಿಗೆ ಆ ಕಾಲದಲ್ಲಿ ತಂಬಾಕು ಬೇಯಿಸುವ ಬ್ಯಾರನ್ ಮನೆ ಬಿಟ್ಟು ಕದಲುವ ಹಾಗಿಲ್ಲ. ಎಲೆ ಬೇಯುವಾಗ ಕಾವು ಸ್ವಲ್ಪ ಹೆಚ್ಚುಕಡಿಮೆಯಾದರೂ ವರ್ಷದ ದುಡಿಮೆ ಕರಕಲು. ಹಾಗಾಗಿ ಜೋಳದ ಕಾವಲು ಅತ್ತೆಯದು. ಹೊಲದ ಮಧ್ಯೆ ನಾಲ್ಕು ಕಂಬದ ಮೇಲೊಂದು ಅಟ್ಟಣೆ. ಅದರ ಮೇಲೆ ಅತ್ತೆ. ಅತ್ತೆಯ ಹತ್ತಿರ ಕವಣೆ ಇಲ್ಲ, ಪಟಾಕಿ ಇಲ್ಲ. ಇರುವುದು ಒಂದೇ ಆಯುಧ. ಅಚಾ.

ಅತ್ತೆ ನಾಯಿಗೆ, ಕೋತಿಗೆ, ನವಿಲಿಗೆ ಅಂತ ಬೇರೆ ಬೇರೆ ಪದ ಇಟ್ಟುಕೊಂಡವರಲ್ಲ. ಎಲ್ಲಕ್ಕೂ ಅಚಾ. ಆದರೆ ಆ ಅಚಾ ಕೇಳಬೇಕು ನೀವು. ಅದು ಹೊಟ್ಟೆಯ ತಳದಲ್ಲಿ ಹುಟ್ಟಿ, ಎದೆಯಲ್ಲಿ ಒಂದು ಸುತ್ತು ಹೊಡೆದು, ಗಂಟಲಿಗೆ ಬರುವಷ್ಟರಲ್ಲಿ ಎರಡಾಗಿ ಸೀಳುತ್ತದೆ. ‘ಅ’ ಒಂದು ಕಡೆ ಹೋಗುತ್ತದೆ, ‘ಚಾ’ ಮೂರು ಹೊಲ ದಾಟಿ ಬೀಳುತ್ತದೆ. ಹಿಂದಿನಿಂದ ಒಂದು ಸಣ್ಣ ಕೆಮ್ಮು.

ಇದೆಲ್ಲ ನನಗೆ ಇಷ್ಟು ವಿವರವಾಗಿ ಗೊತ್ತಿರುವುದು ಏಕೆಂದರೆ ಆರು ವರ್ಷದಿಂದ ನಾನು ಇದನ್ನು ಸ್ಟೇಜ್ ಮೇಲೆ ಮಾಡುತ್ತಿದ್ದೇನೆ.

ನಾನು ಮಿಮಿಕ್ರಿ ಮಾಡುವವನು ಅಂತ ನಿಮಗೆ ಗೊತ್ತೇ ಇದೆ. ಪಿರಿಯಾಪಟ್ಟಣದ ಆರತಕ್ಷತೆ, ಕೆ.ಆರ್. ನಗರದ ಗಣಪತಿ ಪೆಂಡಾಲು, ಎಚ್.ಡಿ. ಕೋಟೆಯ ಸ್ಕೂಲ್ ಡೇ, ಎಲ್ಲಾ ಕಡೆ ಬಸ್ ಕಂಡಕ್ಟರ್, ಮದುವೆ ಬ್ರೋಕರ್, ಪುರೋಹಿತರು ಅಂತ ಒಂದೊಂದಾಗಿ ಮಾಡಿ, ಜನ ಆಕಳಿಸುವ ಹೊತ್ತಿಗೆ ಕೊನೆಯಲ್ಲಿ ಅತ್ತೆಯನ್ನು ಇಳಿಸುತ್ತೇನೆ. ತಲೆಗೊಂದು ಟವೆಲ್ಲು, ಸೊಂಟಕ್ಕೆ ಒಂದು ಕೈ, ಅಚಾ. ಜನ ಬಿದ್ದು ಬಿದ್ದು ನಗುತ್ತಾರೆ. ಎಲ್ಲರ ಮನೆಯಲ್ಲೂ ಅಂಥ ಒಬ್ಬರು ಇದ್ದಾರಲ್ಲ. ಹುಣಸೂರಿನ ಟೀ ಅಂಗಡಿಯಲ್ಲಿ ನನಗೆ ಹೆಸರೇ ಇಲ್ಲ. ‘ಅಚಾ ಬಂದ ನೋಡು, ಒಂದು ಟೀ’ ಅಷ್ಟೇ.

ಇಷ್ಟೆಲ್ಲಾ ಮಾಡಿದವನು ಅತ್ತೆಗೆ ಮಾತ್ರ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ? ಧ್ವನಿ ಒಂದು ಕದಿಯುವ ವಸ್ತು ಅಂತ ನನಗೆ ಅನ್ನಿಸಿರಲಿಲ್ಲ. (ಸುಳ್ಳು. ಹೆದರಿಕೆ.)

ಹೀಗಿರುವಾಗ ಈ ಸಲ ಜೋಳ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಅತ್ತೆಯ ಗಂಟಲು ಕೈ ಕೊಟ್ಟಿತು. ಮೈಸೂರಿಗೆ ಕರೆದುಕೊಂಡು ಹೋದರೆ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಧ್ವನಿ ಹೊರಡುವ ಜಾಗದಲ್ಲಿ ಸಣ್ಣ ಗಂಟು ಎಂದರು. ಮೂರು ವಾರ ಮಾತು ಪೂರ್ತಿ ಬಂದ್. ಪಿಸುಮಾತೂ ಕೂಡದು. ಮಾತಾಡಿದರೆ ಆಪರೇಷನ್ನು, ಆಮೇಲೆ ಈ ಧ್ವನಿಯೇ ಇರುತ್ತೋ ಇಲ್ಲವೋ ಹೇಳಲಾಗದು.

ಬಸ್ಸಿನಲ್ಲಿ ವಾಪಸ್ ಬರುವಾಗ ಅತ್ತೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಇಲವಾಲ ದಾಟಿದ ಮೇಲೆ ನನ್ನ ತೋಳು ತಟ್ಟಿ, ಎರಡು ಕೈಯಲ್ಲಿ ಜೋಳದ ತೆನೆ ಸಿಪ್ಪೆ ಸುಲಿಯುವ ಹಾಗೆ ಮಾಡಿ, ಹಲ್ಲು ಕಿರಿದು ತೋರಿಸಿದರು. ಕೋತಿ. ಗಂಟಲಿಗೆ ಏನಾಗಿದೆ ಅನ್ನುವುದಕ್ಕಿಂತ ಹೊಲಕ್ಕೆ ಏನಾಗುತ್ತೆ ಅನ್ನುವುದೇ ಅವರ ಚಿಂತೆ. (ಕೋತಿಯ ಮಿಮಿಕ್ರಿ ನನಗಿಂತ ಚೆನ್ನಾಗಿತ್ತು. ಮನೆತನದ ವಿದ್ಯೆ ಎಲ್ಲಿಂದ ಬಂತು ಅಂತ ಅವತ್ತು ಗೊತ್ತಾಯಿತು.)

‘ನೀವು ಸುಮ್ನಿರಿ ಅತ್ತೆ. ನಾನಿಲ್ವಾ?’ ಎಂದೆ.

ಈ ‘ನಾನಿಲ್ವಾ’ ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರೇ ಹೇಳಿದರೂ ಮುಂದೆ ಒಂದು ಅನಾಹುತ ಆಗುತ್ತದೆ. ನಾನಂತೂ ಎದೆ ಉಬ್ಬಿಸಿಕೊಂಡೇ ಹೇಳಿದೆ.

ಮಾರನೇ ದಿನ ಹುಣಸೂರಿನ ಅಂಗಡಿಯಿಂದ ಒಂದು ಮೈಕು ತಂದೆ. ತರಕಾರಿ ಗಾಡಿಯವರು ನೇತುಹಾಕಿಕೊಳ್ಳುತ್ತಾರಲ್ಲ, ಅದೇ. ಒಂದು ಸಲ ಮಾತು ತುಂಬಿಸಿದರೆ ಮತ್ತೆ ಮತ್ತೆ ಅದನ್ನೇ ಕೂಗುತ್ತಿರುತ್ತದೆ. ನಮ್ಮ ಕಡೆ ಈಗ ಸುಮಾರು ಹೊಲಗಳಲ್ಲಿ ಇದು ಬಂದಿದೆ. ಕೆಲವರು ನಾಯಿ ಬೊಗಳುವುದನ್ನು ತುಂಬಿಸುತ್ತಾರೆ, ಕೆಲವರು ಹುಲಿ ಗರ್ಜನೆಯನ್ನು. ಗಾವಡಗೆರೆ ಹತ್ತಿರ ಒಬ್ಬರ ಹೊಲದಲ್ಲಿ ತರಕಾರಿ ಮಾರುವವನ ಹಳೇ ರೆಕಾರ್ಡೇ ಉಳಿದುಕೊಂಡು, ಹಂದಿಗಳಿಗೆ ರಾತ್ರಿಯೆಲ್ಲಾ ‘ಟೊಮೆಟೊ, ಬೀನ್ಸ್, ಕ್ಯಾರೆಟ್’ ಎಂದು ಆಹ್ವಾನ ಹೋಗುತ್ತಿತ್ತು.

ನಾನು ನಾಯಿಯನ್ನೂ ತುಂಬಿಸಲಿಲ್ಲ, ಹುಲಿಯನ್ನೂ ತುಂಬಿಸಲಿಲ್ಲ. ಆ ಕೋತಿಗಳು ಯಾರಿಗೆ ಹೆದರುತ್ತವೆ ಅಂತ ನನಗೆ ಗೊತ್ತಿತ್ತು. ಅಟ್ಟಣೆ ಮೇಲೆ ಹತ್ತಿ, ತಲೆಗೆ ಟವೆಲ್ಲು ಸುತ್ತಿ, ಅತ್ತೆಯನ್ನು ಕೆಳಗೆ ಕೂರಿಸಿ, ಅತ್ತೆಯನ್ನೇ ತುಂಬಿಸಿದೆ. ಕೊನೆಯ ಕೆಮ್ಮೂ ಬಿಡಲಿಲ್ಲ.

ಅತ್ತೆ ಕೇಳಿಸಿಕೊಂಡು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಕೂಗುವವರ ಹಾಗೆ ಬಾಯಿಯ ಪಕ್ಕ ಕೈ ಹಿಡಿದು, ಗೌರಕ್ಕನ ತೋಟದ ಕಡೆ ಬೆರಳು ಮಾಡಿದರು. ಮತ್ತೆ ಬಾಯಿ, ಮತ್ತೆ ತೋಟ.

‘ಗೌರಕ್ಕಂಗೂ ಕೇಳ್ತದೆ ಅತ್ತೆ. ಫುಲ್ ವಾಲ್ಯೂಮ್ ಮಡಗಿವ್ನಿ’ ಎಂದೆ.

ಅತ್ತೆ ಹಣೆ ಚಚ್ಚಿಕೊಂಡರು. ಸಂತೋಷಕ್ಕೆ ಅಂದುಕೊಂಡೆ.

ಅತ್ತೆ ಕೇಳಿದ್ದು ಏನು ಅಂತ ನಿಮಗೆ ಹೇಳಬೇಕೆಂದರೆ ನಾನು ಇಷ್ಟು ಹೊತ್ತು ಮುಚ್ಚಿಟ್ಟ ಒಂದು ವಿಷಯ ಹೇಳಬೇಕು. ಅತ್ತೆಯ ಅಚಾಕ್ಕೆ ಎರಡು ಭಾಗ. ಮೊದಲನೆಯದು ಕೋತಿಗೆ. ಎರಡನೆಯದು ಪಕ್ಕದ ಹೊಲಕ್ಕೆ.

‘ಅಚಾ’ ಎಂದ ಮೇಲೆ ಅತ್ತೆ ಒಂದು ಕ್ಷಣ ಕಣ್ಣು ಕಿರಿದು ಮಾಡಿ ನೋಡುತ್ತಾರೆ, ಕೋತಿಗಳು ಯಾವ ಕಡೆ ಹೊರಟವು ಅಂತ. ಕಾಡಿನ ಕಡೆ ಹೋದರೆ ಸುಮ್ಮನೆ ಕೂರುತ್ತಾರೆ. ಬಾಳೆ ಕಡೆ ತಿರುಗಿದರೆ ತಕ್ಷಣ ಇನ್ನೊಂದು ಕೂಗು: ‘ಗೌರೀ, ನಿನ್ ಕಡೀಕ್ ಬಂದ್ವು ಕಣೇ.’ ಗೌರಕ್ಕ ಅಲ್ಲಿಂದ ‘ಊಂ ಕಣಕ್ಕ’ ಎಂದು ಕೋಲು ಹಿಡಿದು ಎದ್ದೇಳುತ್ತಾರೆ. ಆ ಕಡೆಯಿಂದ ಈ ಕಡೆಗೂ ಹಾಗೇ. ಆ ಭಾಗದ ಹೊಲಗಳಲ್ಲೆಲ್ಲ ಇದೇ ನಡವಳಿಕೆ. ನಿನ್ನ ಹೊಲದಿಂದ ಓಡಿಸು, ಬೇಡ ಅನ್ನುವವರಿಲ್ಲ. ಎತ್ತ ಓಡಿಸಿದೆ ಅಂತ ಹೇಳು.

ಸ್ಟೇಜ್ ಮೇಲೆ ಈ ಎರಡನೆಯ ಭಾಗವನ್ನು ನಾನು ಮೊದಲ ವರ್ಷವೇ ಕತ್ತರಿಸಿದ್ದೆ. ಯಾಕೆ ಗೊತ್ತಾ? ಅದಕ್ಕೆ ಯಾರೂ ನಗುತ್ತಿರಲಿಲ್ಲ. ಆರು ವರ್ಷ ಅರ್ಧ ಅತ್ತೆಯನ್ನೇ ಮಾಡಿ ಮಾಡಿ, ಇನ್ನರ್ಧ ಇತ್ತು ಅನ್ನುವುದೇ ನನಗೆ ಮರೆತುಹೋಗಿತ್ತು.

ಮೈಕು ಶುರುವಾಯಿತು. ಕೋತಿ ಬಂದಾಗ ಬಟನ್ ಒತ್ತಿ, ಒಂದು ಸಲ ಕೂಗಿಸಿ ಆಫ್ ಮಾಡುತ್ತಿದ್ದೆ. ಮೊದಲ ದಿನ ಭರ್ಜರಿ. ಕೋತಿಗಳು ಬೇಲಿ ಹತ್ತಿ ಕೂತವು, ಅಚಾ ಕೇಳಿದವು, ಎದ್ದು ಹೋದವು. ನಾನು ವಿಡಿಯೋ ಮಾಡಿ ಸ್ಟೇಟಸ್ ಹಾಕಿದೆ. ಎರಡನೇ ದಿನವೂ ಹೋದವು. ಎಲ್ಲಿಗೆ ಹೋದವು ಅಂತ ನೋಡುವ ಕೆಲಸ ನನ್ನದು ಅಂತ ನನಗೆ ಹೊಳೆಯಲಿಲ್ಲ. ಅಟ್ಟಣೆ ಕೆಳಗೆ ನೆರಳಲ್ಲಿ ಮಲಗಿ ಸ್ಟೇಟಸ್ ಯಾರ್‍ಯಾರು ನೋಡಿದರು ಅಂತ ನೋಡುತ್ತಿದ್ದೆ.

ಮೂರನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಗೌರಕ್ಕ ಮನೆಗೇ ಬಂದರು. ಕೈಯಲ್ಲಿ ಒಂದು ಬಾಳೆಗೊನೆಯ ದಿಂಡು. ಕಾಯಿ ಒಂದೂ ಇಲ್ಲ, ಬರೀ ದಿಂಡು. ಅದನ್ನು ಅತ್ತೆಯ ಮುಂದೆ ಜಗಲಿ ಮೇಲೆ ಇಟ್ಟರು.

ಗೌರಕ್ಕ ಜೋರು ಮಾತಿನವರಲ್ಲ. ಮೆಲ್ಲಗೆ ಹೇಳಿದರು. ಅದಕ್ಕೇ ಭಯವಾಯಿತು.

‘ಪುಟ್ಟಕ್ಕ, ಮಗಳ ಒಸ ಮನೆ ಒಕ್ಕಲಿಗೆ ಅಂತ ಗುರ್ತು ಮಾಡಿ ಬುಟ್ಟಿದ್ದೆ ಕಣ ಎರಡು ಗೊನೆ. ನಮ್ಮೊಲದ್ದೇ ತತ್ತೀನಿ ಅಂತ ಬೀಗರ ಮುಂದೆ ಯೋಳಿದ್ದೆ. ಎರಡೂ ಓಯ್ತು.’

ಅತ್ತೆ ದಿಂಡನ್ನೇ ನೋಡುತ್ತಿದ್ದರು.

‘ಕ್ವಾತಿ ತಿಂದದ್ದಕ್ಕೆ ಬೇಜಾರಿಲ್ಲ ನಂಗೆ. ಅವು ತಿನ್ನೋವೇ. ಮೂರು ದಿನದಿಂದ ನಿನ್ ದನಿ ಕೇಳ್ತಾ ಅದೆ. ಮೊದಲ್ನೇ ದಿನ ಕೇಳ್ದೇಟ್ಗೆ ಎಷ್ಟು ಖುಷಿಯಾಯ್ತು ಗೊತ್ತಾ? ಅಕ್ಕನ ಗಂಟ್ಲು ಸರ್‍ಯಾಯ್ತು, ದ್ಯಾವ್ರು ದೊಡ್ಡೋನು ಅಂತ ಕೈ ಮುಗ್ದೆ. ನೀ ಅಚಾ ಅಂದೆ, ಆಮೇಲೆ ಸುಮ್ಕಾದೆ. ಸುಮ್ಕಾದ್ಮೇಲೆ ಕಾಡ್ ಕಡೀಕ್ ಓದ್ವು ಅಂತ್ಲೇ ಅಲ್ವಾ? ನಾನು ಆ ಕಡೆ ಬದೀಲಿ ಹುಲ್ಲು ಕುಯ್ಕಂಡ್ ಕುಂತಿವ್ನಿ, ಇವು ಇಲ್ಲಿ ಪಂಕ್ತಿ ಊಟಕ್ಕೆ ಕುಂತವೆ. ಇಪ್ಪತ್ತು ವರ್ಸ ಆಯ್ತು ನಾನು ಆ ಒಲಕ್ಕೆ ಬಂದು. ಒಂದ್ ದಿನ ನೀನು ಯೋಳ್ದೆ ಓಡ್ಸಿದ್ದಿಲ್ಲ. ನಾನೇನ್ ತಪ್ಪು ಮಾಡ್ದೆ ಅಂತ ಯೋಳು.’

ಅತ್ತೆ ಬಾಯಿ ತೆರೆದರು. ಕತ್ತಿನ ನರ ಉಬ್ಬಿತು. ಮಾತು ಆಡಿಯೇಬಿಡುತ್ತಿದ್ದರು.

ಗೌರಕ್ಕ ಕೋಪದಲ್ಲೇ ಕೈ ಅಡ್ಡ ಹಿಡಿದರು. ‘ಬ್ಯಾಡ, ಬಾಯ್ ಮುಚ್ಕ. ಡಾಕ್ಟ್ರು ಏನಂದವ್ರೆ ಅಂತ ಬಾವ ಎಲ್ಲಾ ಯೋಳವ್ರೆ. ಸರ್‍ಯಾಗೋಗಂಟ ಆಡ್ಬೇಡ’ ಎಂದವರು ಅಲ್ಲೇ ನಿಂತುಬಿಟ್ಟರು. ಸರಿಹೋಗುವ ತನಕ ಆಡಬಾರದು ಅಂದರೆ ಇನ್ನೂ ಸರಿಹೋಗಿಲ್ಲ. ಹಾಗಾದರೆ ಮೂರು ದಿನದಿಂದ ಕೂಗಿದ್ದು ಯಾರು?

ಇಲ್ಲಿ ನಾನು ಎದ್ದು ನಿಂತು ಗಂಭೀರವಾಗಿ ತಪ್ಪೊಪ್ಪಿಕೊಂಡೆ ಅಂತ ಬರೆಯಬಹುದಿತ್ತು. ನಿಜ ಏನೆಂದರೆ, ತಟ್ಟೆಯಲ್ಲಿದ್ದ ಮುದ್ದೆಗೆ ಇನ್ನಷ್ಟು ಸಾರು ಹಾಕಿಕೊಂಡು ಮುಖವನ್ನು ಅದರಲ್ಲೇ ಮುಚ್ಚಿಡಲು ನೋಡಿದೆ. ಅತ್ತೆ ಹಿಂದಿನಿಂದ ನನ್ನ ಕಿವಿ ಹಿಡಿದು ಎಬ್ಬಿಸಿದರು.

‘ಅದು ನಾನು, ಗೌರಕ್ಕ’ ಎಂದೆ.

‘ನೀನೇನು?’

‘ಕೂಗಿದ್ದು. ಅತ್ತೆ ತರ.’

‘ಸುಳ್ಳು ಯೋಳ್ಬೇಡ ಕಣ್ಲಾ. ನಂಗೆ ನಮ್ಮಕ್ಕನ ದನಿ ಗೊತ್ತಿಲ್ವಾ?’

ಮಾಡಿ ತೋರಿಸದೆ ಬೇರೆ ದಾರಿ ಇರಲಿಲ್ಲ. ಎಂಜಲು ಕೈಯಲ್ಲೇ ನಿಂತುಕೊಂಡು, ಟವೆಲ್ಲೂ ಇಲ್ಲದೆ, ಸೊಂಟದ ಮೇಲೆ ಕೈಯೂ ಇಡದೆ, ಅಚಾ ಎಂದೆ. ಗೌರಕ್ಕನ ಹಿಂದೆಯೇ ಬಂದು ಜಗಲಿ ಕೆಳಗೆ ಮಲಗಿದ್ದ ಅವರ ನಾಯಿ ಎದ್ದು ಬಾಲ ಮುದುರಿಕೊಂಡು ರಸ್ತೆ ದಾಟಿತು.

ಗೌರಕ್ಕ ನನ್ನನ್ನೇ ನೋಡಿದರು. ನಗಲಿಲ್ಲ. ಇಷ್ಟು ವರ್ಷದಲ್ಲಿ ಆ ಐಟಮ್ಮಿಗೆ ನಗದೆ ಕೂತ ಮೊದಲ ಪ್ರೇಕ್ಷಕರು. ನಾನು ಸ್ವಲ್ಪ ಕೆಟ್ಟ ಕಲಾವಿದನಾಗಿದ್ದರೆ ಗೌರಕ್ಕನಿಗೆ ಇದು ಅಕ್ಕ ಅಲ್ಲ ಅಂತ ಮೊದಲ ದಿನವೇ ಗೊತ್ತಾಗುತ್ತಿತ್ತು, ಎಚ್ಚರವಾಗಿರುತ್ತಿದ್ದರು, ಗೊನೆ ಉಳಿಯುತ್ತಿತ್ತು. ನನ್ನ ಕಲೆಗೆ ಸಿಕ್ಕ ಅತಿ ದೊಡ್ಡ ಸರ್ಟಿಫಿಕೇಟು ಆ ಬರೀ ದಿಂಡು.

‘ಇದ್ನ ಎಲ್ ಕಲ್ತೆ?’ ಎಂದರು.

ಅತ್ತೆಯೂ ಹುಬ್ಬು ಏರಿಸಿದರು. ಅದೇ ಪ್ರಶ್ನೆ.

ಅಲ್ಲಿಗೆ ಪೂರ್ತಿ ಕಥೆ ಕಕ್ಕಬೇಕಾಯಿತು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಟವೆಲ್ಲು, ಸೊಂಟ, ಎಲ್ಲಾ. ಅತ್ತೆ ಮೊಮ್ಮಗಳ ಸ್ಲೇಟು ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದರು: ‘ಎಷ್ಟು ವರ್ಷದಿಂದ?’

‘ಆರು.’

ಒರೆಸಿ ಮತ್ತೆ ಬರೆದರು: ‘ಗೌರಿ ಹೆಸರು ಹೇಳಲ್ವಾ ಅಲ್ಲಿ?’

ಇಲ್ಲ ಎಂದು ತಲೆಯಾಡಿಸಿದೆ. ಅತ್ತೆ ಸ್ಲೇಟು ಕೆಳಗಿಟ್ಟರು. ಅವರಿಗೆ ನೋವಾಗಿದ್ದು ನಾನು ಅವರನ್ನು ಆಡಿಕೊಂಡಿದ್ದಕ್ಕಲ್ಲ, ಅರ್ಧಕ್ಕೆ ನಿಲ್ಲಿಸಿದ್ದಕ್ಕೆ. ಕೋತಿಯನ್ನು ಓಡಿಸಿ, ಪಕ್ಕದವರಿಗೆ ಹೇಳದೆ ಸುಮ್ಮನೆ ಕೂರುವ ಹೆಂಗಸನ್ನು ನಾನು ಮೂರು ತಾಲ್ಲೂಕಿಗೆ ಅವರ ಹೆಸರಲ್ಲಿ ತೋರಿಸಿಕೊಂಡು ಬಂದಿದ್ದೆ.

ಗೌರಕ್ಕ ಹೊರಟುಹೋದರು. ದಿಂಡು ಅಲ್ಲೇ ಇತ್ತು.

ಮಾರನೇ ದಿನ ಮೈಕು ಆಫ್ ಮಾಡಿ ನಾನೇ ಅಟ್ಟಣೆ ಹತ್ತಿದೆ. ಮೂರು ದಿನ ಮನೆಯಲ್ಲೇ ಇದ್ದ ಅತ್ತೆಯೂ ಬಂದು ಕೆಳಗೆ ಕೂತರು. ಗೌರಕ್ಕ ತಮ್ಮ ತೋಟಕ್ಕೆ ಬಂದರು, ಈ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆ ಹೊಲಕ್ಕೆ ಬಂದ ದಿನವೆಲ್ಲ ಬದುವಿನ ಹತ್ತಿರ ಬಂದು ಅವರ ಜೊತೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ಅವತ್ತು ಬರಲಿಲ್ಲ. ಅತ್ತೆ ಎಲೆಗೆ ಸುಣ್ಣ ಸವರಿ, ಮಡಿಸಿ, ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದರು. ಎಲೆ ಬಾಡಿತು. ಮಾತಾಡಲಾಗದ ಮನುಷ್ಯರಿಗೆ ರಾಜಿ ಮಾಡಿಕೊಳ್ಳುವುದು ಎಷ್ಟು ಕಷ್ಟ ನೋಡಿ. ಬಾಯಿ ಇರುವ ನಾನೋ, ಬೇರೆಯವರ ಧ್ವನಿಯಲ್ಲಾದರೆ ಗಂಟೆಗಟ್ಟಲೆ ಮಾತಾಡುತ್ತೇನೆ. ನನ್ನ ಧ್ವನಿಯಲ್ಲಿ ‘ತಪ್ಪಾಯ್ತು’ ಅನ್ನಲು ನಾಲಿಗೆ ಏಳುತ್ತಿರಲಿಲ್ಲ.

ಹನ್ನೊಂದೂವರೆ ಇರಬಹುದು. ಕೋತಿಗಳು ಆವತ್ತು ಬುದ್ಧಿವಂತಿಕೆ ಮಾಡಿ ಬಾಳೆಯ ಆ ತುದಿಯಿಂದ ಬಂದವು. ಗೌರಕ್ಕ ಕೋಲು ಬೀಸಿ ಓಡಿಸಿದ್ದು ಕಂಡಿತು. ಅವು ನೇರ ನಮ್ಮ ಜೋಳದ ಕಡೆ ತಿರುಗಿದವು. ಅಟ್ಟಣೆಯಿಂದಲೂ ನನಗೆ ಅದು ಕಾಣಿಸಲಿಲ್ಲ, ಆಳೆತ್ತರದ ಜೋಳದ ಬುಡದಲ್ಲೇ ನುಸುಳಿದ್ದವು. ಇಂಥ ಹೊತ್ತಲ್ಲಿ ಕೂಗದೆ ಇದ್ದರೆ ಯಾರೂ ಗೌರಕ್ಕನನ್ನು ದೂರುತ್ತಿರಲಿಲ್ಲ. ಎರಡು ಗೊನೆಗೆ ನಾಲ್ಕು ಸಾಲು ಜೋಳ, ಲೆಕ್ಕ ಸರಿಹೋಯಿತು ಅನ್ನುತ್ತಿದ್ದರು.

ಕೂಗು ಬಂತು. ‘ಪುಟ್ಟಕ್ಕಾ, ನಿನ್ ಕಡೀಕ್ ಬಂದ್ವು. ಕೆಳಗಿನ್ ಸಾಲು, ಕೆಳಗಿನ್ ಸಾಲು.’

ಮುಖ ಇನ್ನೂ ಆ ಕಡೆಗೇ ಇತ್ತು. ಕೋಪ ಹಾಗೇ ಇತ್ತು. ಕೂಗು ಮಾತ್ರ ಒಂದು ಕ್ಷಣವೂ ತಡವಾಗಲಿಲ್ಲ. ನಾನು ಕೆಳಗಿನ ಸಾಲಿಗೆ ಓಡಿದೆ. ಮೂರೇ ತೆನೆ ಹೋಗಿತ್ತು. ತಿರುಗಿ ಬಂದಾಗ ಅತ್ತೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಳಬಹುದಾ ಅಂತ ಡಾಕ್ಟರನ್ನು ಕೇಳಿರಲಿಲ್ಲ.

ಅವತ್ತು ಅಟ್ಟಣೆ ಮೇಲೆ ಕೂತು ನಾನು ಯೋಚಿಸಿದ್ದು ಇದು. ಓಡಿಸುವ ವಿದ್ಯೆ ಯಾರಿಗೆ ಬರುವುದಿಲ್ಲ? ಮನೆ ಮುಂದಿನ ಕಸವನ್ನು ಪಕ್ಕದ ಸೈಟಿಗೆ ಓಡಿಸುತ್ತೇವೆ. ಕೆಲಸವನ್ನು ಇನ್ನೊಬ್ಬರ ಟೇಬಲ್ಲಿಗೆ ಓಡಿಸುತ್ತೇವೆ. ಕೌಂಟರಿಗೆ ಬಂದ ಮುದುಕರನ್ನು ‘ನಾಲ್ಕನೇ ನಂಬರಿಗೆ ಹೋಗಿ’ ಅಂತ ಓಡಿಸುತ್ತೇವೆ, ನಾಲ್ಕನೇ ನಂಬರಿನವರು ಊಟಕ್ಕೆ ಹೋಗಿದ್ದಾರೆ ಅಂತ ಗೊತ್ತಿದ್ದೂ. ನಮ್ಮ ಏರಿಯಾದ ಬೀದಿನಾಯಿಗಳನ್ನು ಆಟೋದಲ್ಲಿ ತುಂಬಿ ಇನ್ನೊಂದು ಏರಿಯಾಕ್ಕೆ ಬಿಟ್ಟು ಬಂದವರನ್ನು ನಾನು ಬಲ್ಲೆ. (ಆ ಏರಿಯಾದವರೂ ಆಟೋ ಮಾಡಿದರು. ನಾಯಿಗಳು ಈಗ ಆಟೋ ಕಂಡರೆ ತಾವೇ ಹತ್ತುತ್ತವೆ.) ಎಲ್ಲೆಲ್ಲೂ ಅಚಾ. ಉಳಿದರ್ಧ ಎಲ್ಲಿ?

ಹಾಗಂತ ಅದು ಪೂರ್ತಿ ಕಳೆದುಹೋಗಿಲ್ಲ. ಕೋಟೆ ರಸ್ತೆಯಲ್ಲಿ ಬೈಕ್ ಓಡಿಸುವಾಗ ಎದುರಿಂದ ಬರುವ ಯಾರೋ ಗುರುತಿಲ್ಲದವರು ಲೈಟು ಎರಡು ಸಲ ಮಿಣುಕಿಸಿ ಹೋಗುತ್ತಾರಲ್ಲ, ಮುಂದೆ ಆನೆ ದಾಟುತ್ತಿದೆ ಅಂತ? ಅವರ ಮುಖ ನಾನು ನೋಡಿಲ್ಲ. ಅವರಿಗೆ ಒಂದು ನಮಸ್ಕಾರ. ಪಿಯುಸಿಯಲ್ಲಿ ಕ್ಲಾಸಿಗೆ ಚಕ್ಕರ್ ಹೊಡೆದು ಕೂತಿದ್ದಾಗ, ‘ನಿಮ್ಮಪ್ಪ ಈ ಕಡೇನೇ ಬತ್ತಾವ್ರೆ ಕಣ್ಲಾ’ ಎಂದು ಓಡಿ ಬಂದು ಹೇಳಿದ ಗೆಳೆಯನಿಗೆ ಇನ್ನೊಂದು. ಅಮ್ಮ ಮಾಡುತ್ತಿದ್ದದ್ದೂ ಅದೇ. ಅಪ್ಪನ ಸಿಟ್ಟು ತನ್ನ ಮೇಲಿಂದ ದಾಟಿ ನನ್ನ ಕಡೆ ಹೊರಟಿತು ಅಂದ ತಕ್ಷಣ ಅಡುಗೆಮನೆಯಲ್ಲಿ ಪಾತ್ರೆ ಸ್ವಲ್ಪ ಜೋರಾಗಿ ಇಡುತ್ತಿದ್ದಳು. ನಾನು ಪುಸ್ತಕ ತೆರೆಯುತ್ತಿದ್ದೆ. ನನ್ನ ಬೆನ್ನು ಇವತ್ತು ಇಷ್ಟಾದರೂ ನೆಟ್ಟಗಿದೆ ಅಂದರೆ ಅದಕ್ಕೆ ಆ ಪಾತ್ರೆಗಳೇ ಕಾರಣ. ಕಷ್ಟ ಬರದ ಹಾಗೆ ತಡೆಯಲು ಅವರಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ. ಬರುತ್ತಿದೆ ಅಂತ ಹೇಳಿದರು. ಅಷ್ಟರಲ್ಲಿ ನಾನು ಎದ್ದು ನಿಲ್ಲುತ್ತಿದ್ದೆ.

ಸಾಯಂಕಾಲ ಬುದ್ಧಿ ಬಂತು. ಎಂಥ ಬುದ್ಧಿ ಅನ್ನುವುದನ್ನು ನೀವೇ ನೋಡಿ.

ಮೈಕಿಗೆ ಹೊಸದಾಗಿ ತುಂಬಿಸಿದೆ. ಈ ಸಲ ಪೂರ್ತಿ ಅತ್ತೆ. ‘ಅಚಾ’, ಕೆಮ್ಮು, ಆಮೇಲೆ ‘ಗೌರೀ, ನಿನ್ ಕಡೀಕ್ ಬಂದ್ವು ಕಣೇ’. ಅತ್ತೆಗೆ ಕೇಳಿಸಿದೆ. ಅತ್ತೆ ಈ ಸಲ ಹಣೆ ಚಚ್ಚಿಕೊಳ್ಳಲಿಲ್ಲ, ಮೈಕನ್ನೂ ನನ್ನನ್ನೂ ಒಂದು ಸಲ ನೋಡಿ, ಗೌರಕ್ಕನ ತೋಟದ ಕಡೆ ಕೈ ತೋರಿಸಿದರು. ಹೋಗು, ಅವಳಿಗೇ ಕೇಳಿಸು. (ಅವರಿಗೆ ಮೊದಲೇ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.)

ಬೆಳಿಗ್ಗೆ ಮೈಕು ಹೆಗಲಿಗೆ ಹಾಕಿಕೊಂಡು ಬದು ದಾಟಿದೆ. ಗೌರಕ್ಕ ಬಾಳೆಯ ಒಣಗಿದ ಎಲೆ ಸವರುತ್ತಿದ್ದರು. ಮೊದಲು ನನ್ನದೇ ಧ್ವನಿಯಲ್ಲಿ, ‘ತಪ್ಪಾಯ್ತು ಗೌರಕ್ಕ’ ಎಂದೆ. ಕೇಳಲು ಏನೇನೂ ಚೆನ್ನಾಗಿರಲಿಲ್ಲ. ಗೌರಕ್ಕ ಕುಡುಗೋಲು ನಿಲ್ಲಿಸಿದರು.

‘ಒಕ್ಕಲಿಗೆ ಗೊನೆ ಎಲ್ಲಿಂದಾದ್ರೂ ತತ್ತೀನಿ ಅಕ್ಕ.’

‘ಬ್ಯಾಡ. ಆಚೆ ಬದಿಲಿ ಇನ್ನೊಂದು ಬಲಿತಾ ಅದೆ. ಸಣ್ಣದು. ನಮ್ಮೊಲದ್ದು ಅಂತ ಆಗ್ತದಲ್ಲ, ಸಾಕು.’ ಕುಡುಗೋಲು ಕೆಳಗಿಟ್ಟು ಕೇಳಿದರು: ‘ಅಕ್ಕ ಮೆಣ್ಸು ಹಾಕಿ ಹಾಲು ಕುಡೀತಾ ಅವ್ಳಾ?’

‘ಕುಡೀತಾವ್ರೆ. ನಿಮಗೆ ಅಂತ ನಿನ್ನೆನೂ ಎಲೆ ಮಡಿಸಿ ಮಡಗಿದ್ರು, ಇವತ್ತೂ ಮಡಗವ್ರೆ.’

ಗೌರಕ್ಕ ಬದುವಿನ ಕಡೆ ನೋಡಿದರು. ನಾನು ಇದೇ ಸಮಯ ಅಂತ ಮೈಕು ತೆಗೆದೆ. ‘ಇನ್ಮೇಲೆ ನಿಮಗೆ ಯೋಚ್ನೆನೇ ಬ್ಯಾಡ ಅಕ್ಕ. ನಿಮ್ಮ ಹೆಸರೂ ಹಾಕಿವ್ನಿ. ಅಚಾ ಅಂದ್ ತಕ್ಷಣ ಇದೇ ನಿಮಗೆ ಯೋಳ್ತದೆ. ಬೆಳಿಗ್ಗೆ ಆನ್ ಮಾಡಿದ್ರೆ ಸಾಯಂಕಾಲದ ತನಕ ನಿಲ್ಲಲ್ಲ’ ಎಂದು ಬಟನ್ ಒತ್ತಿದೆ.

ಅಚಾ. ಕೆಮ್ಮು. ಗೌರೀ, ನಿನ್ ಕಡೀಕ್ ಬಂದ್ವು ಕಣೇ. ಅಚಾ. ಕೆಮ್ಮು. ಗೌರೀ, ನಿನ್ ಕಡೀಕ್ ಬಂದ್ವು ಕಣೇ. ಅಚಾ.

ಗೌರಕ್ಕ ಐದಾರು ಸಲ ಪೂರ್ತಿ ಕೇಳಿಸಿಕೊಂಡರು. ಸುತ್ತಲೂ ನೋಡಿದರು. ಬೇಲಿಯ ಮೇಲೆ, ಮರದ ಮೇಲೆ, ತೋಟದೊಳಗೆ ಎಲ್ಲೂ ಒಂದೇ ಒಂದು ಕೋತಿ ಇರಲಿಲ್ಲ. ಆಮೇಲೆ ಸೆರಗಲ್ಲಿ ಕೈ ಒರೆಸಿಕೊಂಡು, ಬಟನ್ ಯಾವುದು ಅಂತ ಕೇಳಿ, ಅವರೇ ಆಫ್ ಮಾಡಿದರು. ಎಲೆ ಅಡಿಕೆಗೆ ಅಂತ ಅತ್ತೆ ಕೂತಿದ್ದ ಬದುವಿನ ಕಡೆ ಹೊರಟರು. ನಾನು ಹಿಂದೆ ಹಿಂದೆ ಹೋದೆ.

ಈ ವಾರದ ಬರಹವನ್ನು ನಾನು ಅಟ್ಟಣೆಯ ಮೇಲೆ ಕೂತೇ ಬರೆದಿದ್ದೇನೆ. ನಡುವೆ ನಾಲ್ಕು ಸಲ ಪೆನ್ನು ಬಿಟ್ಟು ಕೂಗಿದ್ದೇನೆ. ಎರಡು ಸಲ ಗೌರಕ್ಕನ ಹೆಸರೂ ಸೇರಿಸಿ, ನನ್ನದೇ ಧ್ವನಿಯಲ್ಲಿ. ಅತ್ತೆಗೆ ಮಾತು ಬರಲು ಇನ್ನೂ ಒಂಬತ್ತು ದಿನ ಇದೆ, ಅಲ್ಲಿಯ ತನಕ ಎರಡು ಕಾರ್ಯಕ್ರಮ ಬಿಟ್ಟಿದ್ದೇನೆ. ಅಷ್ಟು ಒಳ್ಳೆಯ ಮೈಕು ಇರುವಾಗ ನೀನೇ ಯಾಕೆ ಕೂತಿದ್ದೀಯ ಅಂತ ಕೇಳುವವರಿಗೆ, ಅವತ್ತು ಬದುವಿನ ಮೇಲೆ ಗೌರಕ್ಕ ಅತ್ತೆಯ ಕೈಯಿಂದ ಎಲೆ ತೆಗೆದುಕೊಂಡು, ಬಾಯಿಗೆ ಇಡುವ ಮುಂಚೆ ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟು:

‘ಬೆಳಿಗ್ಗಿಂದ ಬೈಗಿನ್ ಗಂಟ ಬಂದ್ವು, ಬಂದ್ವು ಅಂತ್ಲೇ ಇರ್ತದೆ ನಿನ್ ಮೈಕು. ನಿಜ್ವಾಗ್ಲೂ ಬಂದಾಗ ಯೋಳೋರ್‍ಯಾರ್ಲಾ?’